ಚಪ್ಪಲಿಗೆ ಚೀಲದ ಹೊಲಿಗೆ

ಹಾವೇರಿ ಜಿಲ್ಲೆಯಲ್ಲಿ ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದಾಗ, ಜೈಲಿನೊಳಗೆ ಗಾಂಜಾ ಸಾಗಿಸಿದ ಎರಡು ಕೇಸು ನಡೆಸಿದೆ. ಮೊದಲನೆಯದನ್ನು ಸೋತೆ.

ಅದರಲ್ಲಿ ಆರೋಪಿ ಒಬ್ಬ ವಯಸ್ಸಾದ ತಾಯಿ. ಜೈಲಿನಲ್ಲಿದ್ದ ಮಗನ ಮುಲಾಖತ್‌ಗೆ, ಅಂದರೆ ಭೇಟಿಗೆ, ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಡಬ್ಬಿಯ ತಳದಲ್ಲಿ ಪೊಟ್ಟಣ ಸಿಕ್ಕಿತು. ಪಂಚನಾಮೆ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಎಲ್ಲ ಸರಿ ಇತ್ತು. ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 35ನೇ ಕಲಂ ಇದೆಯಲ್ಲ ಎಂದು ನಾನು ಆರಾಮಾಗಿ ಕೂತಿದ್ದೆ. ಆರೋಪಿಗೆ ತಪ್ಪು ಮಾಡುವ ಮನಸ್ಸಿತ್ತು ಎಂದೇ ಕೋರ್ಟ್ ಇಟ್ಟುಕೊಳ್ಳಬೇಕು, ಇರಲಿಲ್ಲ ಎಂದು ಆರೋಪಿಯೇ ತೋರಿಸಬೇಕು ಅನ್ನುತ್ತದೆ ಆ ಕಲಂ. ಅವರು ತೋರಿಸಿಬಿಟ್ಟರು. ಪಕ್ಕದ ಮನೆಯಾಕೆ ಸಾಕ್ಷಿ ಕಟ್ಟೆ ಹತ್ತಿ, ‘ಮಗನ ಗೆಳೆಯಾ ಬಂದು ಡಬ್ಬಿ ಕೊಟ್ಟು ಹೋದ್ನಿರಿ, ನಾನೇ ನೋಡೇನಿ’ ಅಂದರು. ಪಾಟೀಸವಾಲಿನಲ್ಲಿ ಒಂದಿಷ್ಟೂ ಅಲುಗಾಡಲಿಲ್ಲ. ಆ ಗೆಳೆಯನನ್ನು ಯಾರೂ ವಿಚಾರಿಸಿಯೇ ಇರಲಿಲ್ಲ. ಖುಲಾಸೆ ಆಯಿತು. ಅಪೀಲು ಬೇಡ ಎಂದು ನಾನೇ ಅಭಿಪ್ರಾಯ ಬರೆದು ಕಳಿಸಿದೆ.

ಎರಡನೇ ಕೇಸಿನ ಚಾರ್ಜ್‌ಶೀಟ್ ಕರಡು ಪರಿಶೀಲನೆಗೆ ಬಂದಾಗ ಅದನ್ನು ವಾಪಸ್ ಕಳಿಸಿದೆ. ಒಬ್ಬ ಹುಡುಗ ಒಳಗಿದ್ದ ಅಣ್ಣನಿಗೆ ಬ್ಯಾಗಿನಲ್ಲಿ ಬಟ್ಟೆ, ಹೊಸ ಚಪ್ಪಲಿ ತಂದಿದ್ದ. ಚಪ್ಪಲಿಯ ಅಟ್ಟೆ ಬಿಚ್ಚಿದಾಗ ಗಾಂಜಾ ಸಿಕ್ಕಿತ್ತು. ‘ಸಂತೆಯಾಗ ತಗೊಂಡಿದ್ದು, ನನಗೇನೂ ಗೊತ್ತಿಲ್ಲ’ ಅನ್ನುವುದೇ ಅವನ ಮಾತು. ಮಾಲು ಬ್ಯಾಗಿನಲ್ಲಿ ಸಿಕ್ಕಿದ್ದರಿಂದ ಮೈ ತಪಾಸಣೆಯ ಕ್ರಮ ಹೇಳುವ 50ನೇ ಕಲಂ ತಕರಾರು ಇರಲಿಲ್ಲ. ಬ್ಯಾಗಿಗೆ ಅದು ಅನ್ವಯಿಸುವುದಿಲ್ಲ ಎಂದು 2005ರಲ್ಲೇ ಪವನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಳಿದದ್ದು ಒಂದೇ ಪ್ರಶ್ನೆ. ಅವನಿಗೆ ಗೊತ್ತಿತ್ತಾ?

ಮುದ್ದೆಮಾಲು, ಅಂದರೆ ಜಪ್ತಿಯಾದ ಆ ಚಪ್ಪಲಿ, ತರಿಸಿ ಮೇಜಿನ ಮೇಲಿಟ್ಟು ನೋಡಿದೆ. ಅಟ್ಟೆಯ ಸುತ್ತ ಕರಿ ದಾರದ ಸಣ್ಣ ಹೊಲಿಗೆ. ಹಿಮ್ಮಡಿ ಹತ್ತಿರ ನಾಲ್ಕು ಬೆರಳಗಲ ಮಾತ್ರ ನೀಲಿ ಪ್ಲಾಸ್ಟಿಕ್ ದಾರ, ಉದ್ದುದ್ದ ಹೊಲಿಗೆ, ತೂತು ದೊಡ್ಡವು. ತನಿಖಾಧಿಕಾರಿಗೆ ಹೇಳಿದೆ: ‘ಸಾಹೇಬ್ರ, ಇದನ್ನ ಒಬ್ಬ ಚಪ್ಪಲಿ ಹೊಲಿಯೋರಿಗೆ ತೋರಿಸ್ರಿ.’ ಅವರು ನಕ್ಕರು, ಆದರೂ ತೋರಿಸಿದರು. ಆ ಹಿರಿಯರ ಹೇಳಿಕೆ ಎರಡೇ ಸಾಲು: ‘ಇದು ನಮ್ಮ ಕೈ ಅಲ್ರಿ. ಚೀಲಾ ಹೊಲ್ಯಾವರ ಕೈ.’

ಹುಡುಗ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯುವವನು!

ಪೊಲೀಸರ ಮುಂದೆ ಅವನು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ‘ದಬ್ಬಣ ಇಟ್ಟ ಜಾಗ ತೋರಿಸ್ತೀನಿ’ ಎಂದು ಕರೆದೊಯ್ದು ಮನೆಯ ಮಾಡಿನಿಂದ ದಬ್ಬಣ, ನೀಲಿ ದಾರದ ಉಂಡೆ ತೆಗೆದುಕೊಟ್ಟಿದ್ದ. ಅಷ್ಟು ಭಾಗ ಆಗಿನ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಪ್ರಕಾರ ನಡೆಯುತ್ತದೆ. ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಂ. ಇನ್ನೊಂದು ಸಂಗತಿ ಗೇಟಿನ ಸಿಬ್ಬಂದಿಯ ಹೇಳಿಕೆಯಲ್ಲಿ ಸುಮ್ನೆ ಬಿದ್ದಿತ್ತು. ಸಿಬ್ಬಂದಿ ಚಪ್ಪಲಿ ಕೈಗೆತ್ತಿಕೊಂಡ ಕೂಡಲೇ ಹುಡುಗ, ‘ಆಧಾರ್ ಕಾರ್ಡ್ ಮರೆತೀನಿ, ತಗೊಂಡು ಬರ್ತೀನಿ’ ಎಂದು ಹೊರಟಿದ್ದನಂತೆ. ಕಾರ್ಡ್ ಅವನ ಕಿಸೆಯಲ್ಲೇ ಇತ್ತು. ಅಂಗಶೋಧನೆಯ ಪಟ್ಟಿಯಲ್ಲಿ ಅದನ್ನು ಬರೆದೂ ಇದ್ದರು, ಯಾರೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ.

35ನೇ ಕಲಮನ್ನು ಈ ಸಲ ಕೊನೆಗೆ ಹೇಳಿದೆ. ಬುನಾದಿ ಸಂಗತಿಗಳನ್ನು ಮೊದಲು ಸರ್ಕಾರವೇ ಸಾಬೀತು ಮಾಡಬೇಕು ಎಂದು 2008ರ ನೂರ್ ಆಗಾ ತೀರ್ಪು ಹೇಳುತ್ತದೆ. ಅಲ್ಲದೆ ಮಾಲು ಗಾಂಜಾ ಆಗಿದ್ದರಿಂದ ಆ ಕಲಮಾದರೂ ಇತ್ತು. ಮೊಬೈಲೋ ಸಿಮ್ಮೋ ಆಗಿದ್ದರೆ ಅದೂ ಕೆಲಸಕ್ಕೆ ಬರುತ್ತಿರಲಿಲ್ಲ.

ಎದುರು ವಕೀಲರು ಚುರುಕು. ‘ಬ್ಯಾಡಗಿಯೊಳಗ ಚೀಲಾ ಹೊಲ್ಯಾವರು ಎಷ್ಟು ಮಂದಿ ಅದಾರು?’ ಎಂದು ಆ ಹಿರಿಯರನ್ನೇ ಕೇಳಿದರು. ನನ್ನ ಎದೆ ಧಸಕ್ಕೆಂದಿತು. ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

‘ಭಾಳ ಮಂದಿ ಅದಾರ್ರಿ’ ಅಂದರು ಅವರು. ‘ಆದ್ರ ಸಂತೆಯಾಗ ಚಪ್ಪಲಿ ಮಾರಾವರು ದಬ್ಬಣದಿಂದ ಹೊಲ್ಯಾಂಗಿಲ್ರಿ.’

ಒಂದು ಕಿಲೋ ಒಳಗಿನ ಗಾಂಜಾಕ್ಕೆ ಹೆಚ್ಚೆಂದರೆ 1 ವರ್ಷ ಶಿಕ್ಷೆ. ಹುಡುಗನಿಗೆ 6 ತಿಂಗಳಾಯಿತು.