ಮಗಳ ಹೆಸರಿನೊಳಗೆ ಸಿಕ್ಕ ಗುಣಸಂಧಿ

ಮಗಳು ಹುಟ್ಟಿದಾಗ ಅತ್ತೆ ಒಂದೇ ಹೆಸರು ಹೇಳಿದರು: ನೀಲೋಫರ್. ನಮ್ಮ ಬೀದರ್ ಕಡೆ ಈ ಹೆಸರು ಹೊಸದಲ್ಲ. ಮಕ್ಕಳಿಗೆ ಹುಷಾರಿಲ್ಲ ಅಂದರೆ ಹೈದರಾಬಾದಿನ ನೀಲೋಫರ್ ಆಸ್ಪತ್ರೆಗೆ ಓಡಿದವರು ಎಷ್ಟೋ ಜನ. ಆ ಹೆಸರು ನಿಜಾಮರ ಸೊಸೆಯದು. 1916ರಲ್ಲಿ ಇಸ್ತಾನ್‌ಬುಲ್‌ನ ರಾಜಮನೆತನದಲ್ಲಿ ಹುಟ್ಟಿ, 1931ರಲ್ಲಿ ನಿಜಾಮರ ಎರಡನೇ ಮಗನನ್ನು ಮದುವೆಯಾದವರು. ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡ ಸಂಕಟವೇ ಆ ಆಸ್ಪತ್ರೆಗೆ ಕಾರಣ.

ಹೆಸರು ತುಂಬಾ ಇಷ್ಟವಾಯಿತು. ಆದರೆ ಅರ್ಥ ತಿಳಿಯದೆ ಇಡೋಕೆ ಮನಸ್ಸು ಬರಲಿಲ್ಲ. ಕೇಳಿದವರೆಲ್ಲ "ಪರ್ಷಿಯನ್ ಹೆಸರು, ಕಮಲ ಅಂತ ಅರ್ಥ" ಅಂದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಗು ಮಲಗಿದಾಗ ಉರ್ದು, ಪರ್ಷಿಯನ್ ನಿಘಂಟು ಹಿಡಿದು ಕೂತೆ. ನೀಲೋಫರ್‌ನ ಹಿಂದೆ ಇರಾನಿನ ಹಳೆಯ ಭಾಷೆಯಾದ ಪಹ್ಲವಿಯ ನೀಲೋಪಲ್, ಅದರ ಹಿಂದೆ ಸಂಸ್ಕೃತದ ನೀಲೋತ್ಪಲ! ತಕಾರ ಬಿದ್ದುಹೋಗಿದೆ, ಪಕಾರ ಫಕಾರವಾಗಿದೆ, ಕೊನೆಯ ಲಕಾರ ರೇಫವಾಗಿದೆ, ಅಷ್ಟೇ. ನೀಲ + ಉತ್ಪಲ. ಅಕಾರದ ಮುಂದೆ ಉಕಾರ ಬಂದು ಎರಡೂ ಸೇರಿ ಓಕಾರ. ಪ್ರತಿವರ್ಷ ಬೋರ್ಡಿನ ಮೇಲೆ ನಾನೇ ಬರೆಯುವ ಗುಣಸಂಧಿ. ಆ 'ಲೋ' ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಇಲ್ಲಿಂದ ಇರಾನಿಗೆ ಹೋದ ಮಾತು ಅಲ್ಲಿ ಹೆಣ್ಣುಮಕ್ಕಳ ಹೆಸರಾಗಿ, ಮತ್ತೆ ನಮ್ಮನೆ ತೊಟ್ಟಿಲಿಗೆ ಬಂದಿತ್ತು. ಅರಬ್ಬರ ಬಾಯಿಂದ ಇನ್ನೊಂದು ದಾರಿ ಹಿಡಿದು ಯುರೋಪಿಗೂ ಹೋಗಿದೆ. ಫ್ರೆಂಚರ ನೆನ್ಯುಫಾರ್ ಇದೇ.

ಹಾಗಾದರೆ ಕಮಲವಾ? ಅಲ್ಲ. ನೀಲೋತ್ಪಲ ಅಂದರೆ ನಮ್ಮ ನೀಲಿ ನೈದಿಲೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆರೆಗೆ ಹೋಗಿ ಎರಡನ್ನೂ ನೋಡಿದೆ. ಕಮಲದ ಎಲೆ ಪೂರ್ತಿ ದುಂಡು, ದಂಟಿನ ಮೇಲೆ ನೀರಿನಿಂದ ಎದ್ದು ನಿಲ್ಲುತ್ತದೆ. ಮೇಲೆ ನೀರು ಚಿಮುಕಿಸಿದರೆ ಮಣಿಯಾಗಿ ಉರುಳಿಹೋಗುತ್ತದೆ. ನೈದಿಲೆಯ ಎಲೆ ನೀರಿಗೆ ಅಂಟಿಕೊಂಡೇ ತೇಲುತ್ತದೆ. ಅಂಚಿನಿಂದ ದಂಟಿನವರೆಗೆ ಒಂದು ಸೀಳು, ಯಾರೋ ಕತ್ತರಿ ಆಡಿಸಿದ ಹಾಗೆ. ಒಮ್ಮೆ ನೋಡಿದರೆ ಮತ್ತೆ ಗೊಂದಲವೇ ಇಲ್ಲ. ಇರಾನಿನಲ್ಲಿ ಬೇಲಿಗೆ ಹಬ್ಬುವ ಒಂದು ಬಳ್ಳಿಹೂವಿಗೂ ಇದೇ ಹೆಸರಿದೆ. ಹಾಗಾಗಿ ನೀರಿನದ್ದಕ್ಕೆ 'ಆಬಿ' ಅಂತ ಸೇರಿಸಿ ಹೇಳುತ್ತಾರೆ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಇಂದಿನ ಇರಾನಿನವರು 'ನೀಲೂಫರ್' ಅನ್ನುತ್ತಾರೆ. ಅಲ್ಲಿ ಹಳೆಯ ಓಕಾರ ಊಕಾರದಲ್ಲಿ ಕರಗಿಹೋಗಿದೆ. ಉರ್ದು ಮಾತಾಡುವ ನಮ್ಮ ಅತ್ತೆ ಬಾಯಲ್ಲಿ ಅದು 'ಲೋ' ಆಗಿಯೇ ಉಳಿದಿದೆ.

ಜನನ ಪ್ರಮಾಣಪತ್ರ ಬಂದಾಗ ಅದರಲ್ಲಿ 'ನಿಲುಫರ್' ಎಂದಿತ್ತು. ಏನಾಯ್ತು, ಬಿಡಿ ಅಂದರು ಮನೆಯವರು. ನಾನು ಬಿಡಲಿಲ್ಲ. ತಿದ್ದುಪಡಿ ಅರ್ಜಿಯಲ್ಲಿ ದೊಡ್ಡದಾಗಿ ಬರೆದೆ: ನಕಾರಕ್ಕೆ ದೀರ್ಘ, ಲಕಾರಕ್ಕೆ ಓತ್ವ. ಮೂರು ಸಲ ಓಡಾಡಿದ ಮೇಲೆ ಸರಿಯಾದ ಪತ್ರ ಕೈಗೆ ಬಂತು.