ವಾಸಿಯಾಗದ ಹ್ಯಾಟೆಯನ್ನು ನರಳಲು ಬಿಡದೆ: ನನ್ನ ಅನುಭವ

ಹಿತ್ತಲಲ್ಲಿ ಕೋಳಿ ಸಾಕುವವರು ಕಾವಿಗೆ ಕೂರಿಸುವುದು, ಮರಿ ಉಳಿಸಿಕೊಳ್ಳುವುದು, ಲಸಿಕೆ ಹಾಕಿಸುವುದು ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ವಾಸಿಯಾಗದ ಕೋಳಿಯನ್ನು ಏನು ಮಾಡಬೇಕು ಅನ್ನೋದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾರಿಗೆ ಕೊಯ್ಯುವುದು ಎಷ್ಟೋ ಮನೆಗಳಲ್ಲಿ ಗೊತ್ತು. ಆದರೆ ತಿನ್ನಲೂ ಬಾರದ, ಉಳಿಯಲೂ ಆಗದ ಕೋಳಿಯ ಮಾತು ಬಂದರೆ "ಅದರ ಪಾಡಿಗೆ ಬಿಡಿ, ತಾನಾಗೇ ಹೋಗುತ್ತೆ" ಅಂತಾರೆ. ನಮ್ಮ ಅತ್ತೆಯೂ ಅದನ್ನೇ ಹೇಳಿದ್ದರು. ಪಾಪ ಅನ್ನಿಸಿಯೇ ಹೇಳಿದ್ದು, ನನಗೆ ಗೊತ್ತು. ಆದರೆ "ಅದರ ಪಾಡಿಗೆ" ಅಂದರೆ ಏನು ಅನ್ನೋದನ್ನು ಗೂಡಿನ ಬಾಗಿಲಲ್ಲಿ ಕೂತು ನೋಡಿದವರಿಗೆ ಆ ಮಾತು ಒಪ್ಪಲು ಕಷ್ಟ.

ನಮ್ಮದು ಕಂದು ಬಣ್ಣದ ನಾಟಿ ಹ್ಯಾಟೆ. ಸೌದೆ ರಾಶಿಯ ಸಂದಿಯಲ್ಲೇ ಮೊಟ್ಟೆ ಇಡುತ್ತಿತ್ತು. ಮೊದಲು ಮೊಟ್ಟೆ ನಿಂತಿತು. ಆಮೇಲೆ ಹೊಟ್ಟೆ ಕೆಳಗೆ ಜೋತು ಬಿತ್ತು, ನಡಿಗೆ ಬದಲಾಯಿತು. ಎದೆ ಮೇಲಕ್ಕೆತ್ತಿ, ಕಾಲು ಅಗಲ ಮಾಡಿ ನಿಲ್ಲುತ್ತಿತ್ತು. ಮುಟ್ಟಿದರೆ ಹೊಟ್ಟೆ ನೀರು ತುಂಬಿದ ಚೀಲದ ಹಾಗೆ ಅಲುಗುತ್ತಿತ್ತು. ಪಶು ಆಸ್ಪತ್ರೆಗೆ ಒಯ್ದಾಗ ಡಾಕ್ಟ್ರು ಬಿಡಿಸಿ ಹೇಳಿದರು: ಮೊಟ್ಟೆಯ ಹಳದಿ ಭಾಗ ಮೊಟ್ಟೆನಾಳಕ್ಕೆ ಇಳಿಯದೆ ಹೊಟ್ಟೆಯೊಳಗೇ ಬಿದ್ದು ಸೋಂಕಾಗಿದೆ. ವಯಸ್ಸಾದ, ತುಂಬಾ ಮೊಟ್ಟೆ ಇಟ್ಟ ಹ್ಯಾಟೆಗಳಲ್ಲಿ ಇದು ಅಪರೂಪವೇನಲ್ಲ. ಸೂಜಿ ಹಾಕಿ ಹಳದಿ ನೀರು ತೆಗೆದರು, ಆಂಟಿಬಯೋಟಿಕ್ ಕೊಟ್ಟರು. ಸ್ವಲ್ಪ ದಿನ ಗೆಲುವಾಗಿತ್ತು, ಮತ್ತೆ ತುಂಬಿಕೊಂಡಿತು.

"ಮತ್ತೆ ತೆಗೆಯಬಹುದಾ ಸರ್?" ಅಂತ ಕೇಳಿದೆ.

"ತೆಗೆಯಬಹುದಮ್ಮ, ಮತ್ತೆ ತುಂಬುತ್ತೆ. ಈಗ ಅದಕ್ಕೆ ಉಸಿರಾಡೋಕೇ ಜಾಗ ಇಲ್ಲ."

ಕೋಳಿ ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುವ ಪ್ರಾಣಿ. ಹದ್ದಿಗೆ, ನರಿಗೆ ಸೋತಂತೆ ಕಂಡರೆ ಅಲ್ಲಿಗೆ ಮುಗಿಯಿತಲ್ವಾ. ಹಾಗಾಗಿ ಅದು ಮೂಲೆ ಸೇರಿ ಗರಿ ಉಬ್ಬಿಸಿ ಕೂತಿದೆ ಅಂದರೆ ನೋವು ಆಗಲೇ ತುಂಬಾ ದೂರ ಹೋಗಿರುತ್ತದೆ. ನಮ್ಮ ಹ್ಯಾಟೆಯ ಜುಟ್ಟು ಕೆಂಪು ಹೋಗಿ ನೇರಳೆಗೆ ತಿರುಗಿತ್ತು. ಬಾಯಿ ತೆರೆದೇ ಉಸಿರಾಡುತ್ತಿತ್ತು. ಎದೆಯ ನಡುವಿನ ಎಲುಬಿನ ಎರಡೂ ಪಕ್ಕ ಮಾಂಸವೇ ಇಲ್ಲದೆ ಎಲುಬು ಕೈಗೆ ಚುಚ್ಚುತ್ತಿತ್ತು. ತೌಡು ಕಲಸಿಟ್ಟರೆ ನೋಡುತ್ತಿತ್ತು, ತಿನ್ನುತ್ತಿರಲಿಲ್ಲ. ಉಳಿದ ಕೋಳಿಗಳು ಬಂದು ಅದರ ತಲೆಗೆ ಕುಕ್ಕುತ್ತಿದ್ದವು, ಎದ್ದು ಹೋಗುವ ತ್ರಾಣ ಇರಲಿಲ್ಲ. ಬೇರೆ ಬುಟ್ಟಿಯಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಹಿಂಭಾಗದ ಒದ್ದೆ ಗರಿಗೆ ಇರುವೆ ಸಾಲುಗಟ್ಟಿದ್ದವು. ತಾನಾಗೇ ಹೋಗಲಿ ಅಂತ ಬಿಡುವುದೆಂದರೆ ಹಸಿವು, ಬಾಯಾರಿಕೆ, ಇರುವೆ ಇವುಗಳ ಕೈಗೆ ಕೊಡುವುದು. ಅದರ ಜೀವವನ್ನು ನಾನೇ ಬೇಗ ಮುಗಿಸಬೇಕು ಅಂತ ಅಲ್ಲಿಗೆ ನಿರ್ಧಾರ ಮಾಡಿದೆ.

ಒಂದು ಮಾತು ಇಲ್ಲೇ ಹೇಳಬೇಕು. ಕಾಯಿಲೆ ಬಿದ್ದ ಕೋಳಿಯೆಲ್ಲ ಸಾಯಬೇಕಿಲ್ಲ. ಸಿಡುಬಾದ ಕೋಳಿ ಕಣ್ಣು ಮುಚ್ಚಿಕೊಂಡು ಕೂತರೂ ನೀರು, ಆಹಾರ ಬಾಯಿಗೆ ಸಿಕ್ಕರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಮೊಟ್ಟೆ ಸಿಕ್ಕಿಕೊಂಡ ಹ್ಯಾಟೆಯನ್ನು ಬೆಚ್ಚಗಿನ ನೀರಲ್ಲಿ ಕೂರಿಸಿ, ಬೇಗ ಡಾಕ್ಟ್ರಿಗೆ ತೋರಿಸಿದರೆ ಉಳಿಸಬಹುದು. ಕೊಕ್ಕರೆ ರೋಗದಿಂದ (ರಾಣಿಖೇತ್) ಬದುಕಿ ಕತ್ತು ಸೊಟ್ಟಗಾದ ಕೋಳಿಯೂ ಕೈತುತ್ತು ಕೊಟ್ಟರೆ ಕೆಲವೊಮ್ಮೆ ದಾರಿಗೆ ಬರುತ್ತದೆ. ಅವಸರ ಬೇಡ. ಮೊದಲು ಡಾಕ್ಟ್ರು ನೋಡಲಿ. ಆಸ್ಪತ್ರೆ ದೂರ ಇದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.

ಹಾಗೆಯೇ, ಒಂದರ ಹಿಂದೆ ಒಂದು ಕೋಳಿ ದಿಢೀರನೆ ಸಾಯುತ್ತಿದ್ದರೆ ನೀವೇ ಏನೂ ಮಾಡಬೇಡಿ. ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಸೀದಾ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲೇ ಕಾಣಿಸಿಕೊಂಡಿತ್ತು.

ವಾಸಿಯಾಗದ ಕೋಳಿಯ ಜೀವ ತೆಗೆಯಲು ಡಾಕ್ಟ್ರ ಹತ್ತಿರ ಇಂಜೆಕ್ಷನ್ ಮಾಡಿಸುವುದು ಒಂದು ದಾರಿ. ಕೈಯಲ್ಲಿ ಮಾಡಲು ಧೈರ್ಯ ಇಲ್ಲದವರಿಗೆ ಅದೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ನಮ್ಮ ಹ್ಯಾಟೆ ಮತ್ತೆ ಬುಟ್ಟಿಯಲ್ಲಿ ಕುಲುಕಿಕೊಂಡು ಬಸ್ಸಿನಲ್ಲಿ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಕತ್ತಿನ ಕೀಲು ತಪ್ಪಿಸುವ ಕ್ರಮವನ್ನು ಡಾಕ್ಟ್ರು ಮೊದಲೇ ತೋರಿಸಿಕೊಟ್ಟಿದ್ದರು, ಅದೂ ಸತ್ತ ಕೋಳಿಯ ಮೇಲೆ. ಕಲಿಯುವುದಾದರೆ ಹಾಗೇ ಕಲಿಯಬೇಕು. ಜೀವ ಇರುವ ಕೋಳಿಯ ಮೇಲೆ ಮೊದಲ ಸಲ ಕೈ ಪಳಗಿಸಬಾರದು. ಮೂರು ಕೆಜಿಗಿಂತ ಜಾಸ್ತಿ ತೂಗುವ ಹಕ್ಕಿಗೆ ಕೈಯಿಂದ ಮಾಡುವ ಈ ಕ್ರಮ ಸಲ್ಲದು. ಚೆನ್ನಾಗಿ ಬೆಳೆದ ಗಿರಿರಾಜ ಹುಂಜ, ದಪ್ಪ ಬಾಯ್ಲರ್ ಇಂಥವಕ್ಕೆ ಡಾಕ್ಟ್ರೇ ಬೇಕು.

ಸಂಜೆ, ಉಳಿದ ಕೋಳಿಗಳು ಗೂಡು ಸೇರಿದ ಮೇಲೆ ಅದನ್ನು ಎತ್ತಿಕೊಂಡೆ. ಕತ್ತಲಲ್ಲಿ ಕೋಳಿ ತಾನಾಗೇ ಸುಮ್ಮನಾಗುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಆ ಭಯವೇ ಅರ್ಧ ಹಿಂಸೆ. ಸ್ವಲ್ಪ ಹೊತ್ತು ಕಂಕುಳಲ್ಲೇ ಇಟ್ಟುಕೊಂಡು ಬೆನ್ನು ಸವರಿದೆ. ಆಮೇಲೆ ಎಡಗೈಯಲ್ಲಿ ಎರಡೂ ಕಾಲನ್ನು, ರೆಕ್ಕೆಯ ತುದಿಗಳ ಜೊತೆಗೇ ಸೇರಿಸಿ ಸೊಂಟದ ಎತ್ತರಕ್ಕೆ ಹಿಡಿದೆ. ಬಲಗೈಯ ತೋರುಬೆರಳು, ನಡುಬೆರಳಿನ ಮಧ್ಯೆ ತಲೆಬುರುಡೆಯ ಹಿಂಭಾಗ ಬರಬೇಕು, ಹೆಬ್ಬೆರಳು ಕೊಕ್ಕಿನ ಕೆಳಗೆ. ಗಂಟಲು ಅಮುಕಬಾರದು. ಕತ್ತು ನೆಟ್ಟಗಾಗುವಷ್ಟು ಕೆಳಗೆ ಇಳಿಸಿ, ಅಲ್ಲಿಂದ ಒಂದೇ ಎಳೆತ: ಕೆಳಕ್ಕೆ ಗಟ್ಟಿಯಾಗಿ ಎಳೆಯುತ್ತಲೇ ತಲೆಯನ್ನು ಬೆನ್ನಿನ ಕಡೆಗೆ ಮಡಿಸುವುದು. ಎರಡೂ ಒಟ್ಟಿಗೆ ಆಗಬೇಕು. ತಲೆಬುರುಡೆಯ ಬುಡದಲ್ಲಿ ಕೀಲು ಬಿಟ್ಟಿದ್ದು ಬೆರಳಿಗೇ ಗೊತ್ತಾಯಿತು. ಎಲುಬು ಇದ್ದ ಜಾಗದಲ್ಲಿ ಬರೀ ಚರ್ಮ ಸಿಗುತ್ತದೆ, ನಡುವೆ ಬೆರಳು ತೂರುವಷ್ಟು ಖಾಲಿ.

ಇಲ್ಲಿ ಕೈ ಹಿಂಜರಿಯಬಾರದು. ಅರ್ಧ ಬಲ ಹಾಕುವುದು ಕರುಣೆಯಲ್ಲ, ಅದರಿಂದ ನೋವೇ ಜಾಸ್ತಿ. ಬಲ ಹೆಚ್ಚಾಗಿ ತಲೆ ಬೇರೆಯಾದರೂ ನೋಡುವ ನಮಗೆ ಕಷ್ಟ, ಕೋಳಿಗಲ್ಲ.

ಆಮೇಲಿನ ರೆಕ್ಕೆ ಬಡಿತಕ್ಕೆ ಮನಸ್ಸು ಸಿದ್ಧ ಇರಬೇಕು. ಕೀಲು ತಪ್ಪಿದ ಮೇಲೂ ಒಂದೆರಡು ನಿಮಿಷ ಜೋರಾಗಿ ಬಡಿಯಬಹುದು, ಕಾಲು ಝಾಡಿಸಬಹುದು. ಅದು ನರಗಳ ಆಟ. ನಾನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ. ಅದು ನಿಂತ ಮೇಲೆ ಕಣ್ಣಿನ ಗುಡ್ಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದೆ. ರೆಪ್ಪೆ ಆಡಲಿಲ್ಲ. ಉಸಿರಿಲ್ಲ, ಕತ್ತು ಪೂರ್ತಿ ಸಡಿಲ. ಈ ಮೂರನ್ನೂ ನೋಡದೆ ಕೆಳಗಿಡಬಾರದು. ಸ್ವಲ್ಪ ಅನುಮಾನ ಬಂದರೂ ತಡಮಾಡದೆ ಇನ್ನೊಮ್ಮೆ ಎಳೆಯಬೇಕು.

ಕೆಲವರು ಕತ್ತನ್ನು ಬಟ್ಟೆ ಹಿಂಡಿದಂತೆ ತಿರುಚುತ್ತಾರೆ. ನೀರಲ್ಲಿ ಮುಳುಗಿಸುವವರು, ಚೀಲದಲ್ಲಿ ಕಟ್ಟಿ ಇಡುವವರು, ಕಾಡಂಚಿಗೆ ಬಿಟ್ಟು ಬರುವವರೂ ಇದ್ದಾರೆ. ಇವು ಯಾವುವೂ ಬೇಡ. ಮೊಂಡು ಚಾಕುವಂತೂ ಬೇಡವೇ ಬೇಡ.

ಔಷಧಿ ತಿಂದ, ಸೋಂಕಾದ ಕೋಳಿಯನ್ನು ಅಡುಗೆಗೆ ಬಳಸಬಾರದು, ನಾಯಿಗೂ ಹಾಕಬಾರದು. ಜೀವ ತೆಗೆಯಲು ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ದರಂತೂ ಇನ್ನೂ ಜಾಗ್ರತೆ. ಆ ಔಷಧಿ ಮಾಂಸದಲ್ಲೇ ಉಳಿದು, ತಿಂದ ನಾಯಿ, ಹದ್ದಿನ ಜೀವಕ್ಕೂ ಕುತ್ತು ತರಬಹುದು. ಬಾವಿಯಿಂದ ದೂರ, ನೀರು ಹರಿದು ಬರದ ಜಾಗದಲ್ಲಿ ಮೂರಡಿ ಗುಂಡಿ ತೋಡಿದೆವು. ಮೇಲೆ ಸುಣ್ಣ ಸುರಿದು ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಭಾರದ ಕಲ್ಲು ಹೇರಿದೆವು. ಹಳ್ಳಕ್ಕೆ ಎಸೆದರೆ ರೋಗ ಕೆಳಗಿನ ಮನೆಯವರ ಕೋಳಿಗಳಿಗೆ ಹೋಗುತ್ತದೆ.

ಮಗಳು ಕೇಳಿದಳು, "ಅದಕ್ಕೆ ನೋವಾಯ್ತಾ ಅಮ್ಮ?" ಒಂದು ಕ್ಷಣ ಆಗಿರಬಹುದು, ಈಗ ಇಲ್ಲ ಅಂತ ಇದ್ದಿದ್ದನ್ನೇ ಹೇಳಿದೆ. ನಿದ್ದೆ ಮಾಡ್ತಿದೆ ಅಂತ ಹೇಳಲಿಲ್ಲ. ಮಕ್ಕಳಿಗೆ ನಿದ್ದೆಯ ಮೇಲೆ ಹೆದರಿಕೆ ಹುಟ್ಟಿಸಬಾರದು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯ ಅಕ್ಕ ತಮ್ಮ ಸೊರಗಿದ ಹ್ಯಾಟೆಯನ್ನು ಎತ್ತಿಕೊಂಡು ಬಂದಾಗ ಅತ್ತೆಯೇ ನನ್ನನ್ನು ಕರೆದರು. ಹೊಟ್ಟೆ ಮುಟ್ಟಿ ನೋಡಿದೆ, ಕೆಳಗೆ ಗಟ್ಟಿಯಾಗಿ ಮೊಟ್ಟೆ ಸಿಕ್ಕಿತ್ತು. ಬೆಚ್ಚಗಿನ ನೀರು ತರಲು ಹೇಳಿ, ಡಾಕ್ಟ್ರಿಗೆ ಫೋನ್ ಹಚ್ಚಿದೆ.