ಸಿಂಟ್ ಮಾರ್ಟನ್‌ನಲ್ಲಿ ವಿಂಚ್ ಹಿಡಿದು ಸ್ಪರ್ಧೆಗಿಳಿದದ್ದು

ಕೆರಿಬಿಯನ್ ಸಮುದ್ರದ ಅನೇಕ ಕ್ರೂಸ್ ಹಡಗುಗಳು ಸಿಂಟ್ ಮಾರ್ಟನ್ ದ್ವೀಪದ ಫಿಲಿಪ್ಸ್‌ಬರ್ಗ್‌ನಲ್ಲಿ ಒಂದು ಹಗಲು ಲಂಗರು ಹಾಕುತ್ತವೆ. ಇಳಿದವರಲ್ಲಿ ಹೆಚ್ಚಿನವರು ಕಡಲತೀರಕ್ಕೋ ಅಂಗಡಿಬೀದಿಗೋ ನಡೆಯುತ್ತಾರೆ. ನಾನು ಆರಿಸಿಕೊಂಡದ್ದು ಹಾಯಿದೋಣಿ ಸ್ಪರ್ಧೆಯನ್ನು. ಕುಳಿತು ನೋಡುವ ಸ್ಪರ್ಧೆಯಲ್ಲ ಅದು; ನಾವೇ ಹಗ್ಗ ಎಳೆದು, ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚ್ ತಿರುಗಿಸಿ, ಎದುರಾಳಿ ದೋಣಿಯೊಡನೆ ಪೈಪೋಟಿಗೆ ಇಳಿಯಬೇಕು. ಹಾಯಿ ಮುಟ್ಟಿಯೇ ಗೊತ್ತಿಲ್ಲದವರನ್ನೂ ಸೇರಿಸಿಕೊಳ್ಳುತ್ತಾರೆ. ಆ ಪ್ರವಾಸದಲ್ಲಿ ನಾನು ಇಷ್ಟು ತುಂಬಿಕೊಂಡು ಕಳೆದ ಹೊತ್ತು ಇನ್ನೊಂದಿಲ್ಲ.

ಮೊದಲು ದೋಣಿಗಳ ಬಗ್ಗೆ ಹೇಳಬೇಕು. ಇವು ಪ್ರವಾಸಿಗರಿಗೆಂದು ಕಟ್ಟಿದವಲ್ಲ, ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯಕ್ಕೆಂದು ಕಟ್ಟಿದವು. 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಸ್ಪರ್ಧೆಯಿಂದ ಹುಟ್ಟಿದ್ದು ಈ ಪಂದ್ಯ. ಅಲ್ಲಿಂದ 132 ವರ್ಷ ಆ ಕಪ್ ಅಮೆರಿಕದ ಕೈ ಬಿಟ್ಟು ಹೋಗಲೇ ಇಲ್ಲ. 1983ರಲ್ಲಿ, ರೆಕ್ಕೆಗಳಿದ್ದ ಹೊಸ ಬಗೆಯ ಕೀಲ್ (ದೋಣಿಯ ತಳದಿಂದ ನೀರಿಗೆ ಇಳಿದಿರುವ ತೂಕದ ಭಾಗ) ತೊಟ್ಟ ‘ಆಸ್ಟ್ರೇಲಿಯಾ 2’ ಅದನ್ನು ಗೆದ್ದುಕೊಂಡಿತು. ಅಂದು ಸೋತ ಅಮೆರಿಕದ ದೋಣಿಯ ನಾಯಕ ಡೆನಿಸ್ ಕಾನರ್ 1987ರಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೇ ಹೋಗಿ, ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ 87’ ದೋಣಿಯಲ್ಲಿ ‘ಕೂಕಬರ್ರಾ 3’ನ್ನು 4-0 ಅಂತರದಿಂದ ಸೋಲಿಸಿ ಕಪ್ಪನ್ನು ಮರಳಿ ತಂದರು. ಆ ದೋಣಿ ಸಿಂಟ್ ಮಾರ್ಟನ್‌ಗೆ ಬಂದು, ಕೆನಡಾದ ತಂಡಗಳು ಅದೇ ಕಾಲದಲ್ಲಿ ಕಟ್ಟಿಸಿದ ದೋಣಿಗಳ ಎದುರು ಓಡತೊಡಗಿತು. ಕ್ರೀಡೆಯ ಚರಿತ್ರೆಯಲ್ಲಿ ಹೆಸರಾದ ಇಂಥ ದೋಣಿಗಳನ್ನು ಗಾಜಿನಾಚೆ ಕಟ್ಟಿಹಾಕದೆ, ಯಾರು ಬೇಕಾದರೂ ಮುಟ್ಟಿ ದುಡಿಸುವಂತೆ ಬಿಟ್ಟಿರುವುದು ದೊಡ್ಡ ಮನಸ್ಸಿನ ಕೆಲಸ ಎಂದು ನನ್ನ ಎಣಿಕೆ.

ಇವುಗಳ ವರ್ಗಕ್ಕೆ ‘12 ಮೀಟರ್’ ಎಂದು ಹೆಸರು. ಆದರೆ ಉದ್ದ 12 ಮೀಟರ್ ಅಲ್ಲ, 60 ಅಡಿಗೂ ಹೆಚ್ಚು. ಉದ್ದ, ಸುತ್ತಳತೆಯ ವ್ಯತ್ಯಾಸ, ಹಾಯಿಯ ವಿಸ್ತೀರ್ಣ, ನೀರಿನ ಮೇಲಿನ ಎತ್ತರ ಎಲ್ಲವನ್ನೂ ಒಂದು ಸೂತ್ರಕ್ಕೆ ಹಾಕಿ 2.37ರಿಂದ ಭಾಗಿಸಿದರೆ 12 ಬರಬೇಕು, ಅಷ್ಟೇ. ಒಂದನ್ನು ಹಿಗ್ಗಿಸಿದರೆ ಇನ್ನೊಂದನ್ನು ಕುಗ್ಗಿಸಬೇಕು. ದೋಣಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಡಿಯಲ್ಲಿರುವ ಸೀಸದ ಕೀಲಿನದು. ಗಾಳಿಗೆ ದೋಣಿ ಎಷ್ಟು ವಾಲಿದರೂ ಮಗುಚುವುದಿಲ್ಲ ಎಂಬ ಧೈರ್ಯ ಬರುವುದು ಇದರಿಂದಲೇ. ಭಯವಿದ್ದವರಿಗೆ ನಾನು ಮೊದಲು ಹೇಳುವ ಮಾತೂ ಇದೇ.

ಚಿಕ್ಕ ದೋಣಿಯಲ್ಲಿ ನಮ್ಮನ್ನು ಕರೆದೊಯ್ದು ಹತ್ತಿಸಿದರು. ಚುಕ್ಕಾಣಿ ಹಿಡಿಯುವ ಕ್ಯಾಪ್ಟನ್ ಮತ್ತು ಇಬ್ಬರು ನುರಿತ ಸಹಾಯಕರನ್ನು ಬಿಟ್ಟರೆ ಉಳಿದವರೆಲ್ಲ ನನ್ನಂಥವರು. ಕೆಲಸ ಹಂಚಿದರು: ಮುಖ್ಯ ವಿಂಚ್‌ಗೆ ಕೆಲವರು, ಹಾಯಿಕಂಬವನ್ನು ಹಿಂದಿನಿಂದ ಹಿಡಿದಿಡುವ ಬ್ಯಾಕ್‌ಸ್ಟೇ ಹಗ್ಗಗಳಿಗೆ ಕೆಲವರು, ದೊಡ್ಡ ಹಾಯಿಯ ಹಗ್ಗಕ್ಕೆ ಇಬ್ಬರು, ಗಡಿಯಾರ ಹಿಡಿದು ಹೊತ್ತು ಕೂಗಿ ಹೇಳಲು ಒಬ್ಬರು. ನಾನು ಕೈ ಎತ್ತಿ ಮುಖ್ಯ ವಿಂಚ್ ಕೇಳಿ ಪಡೆದೆ. ಅದರ ಕಂಬಕ್ಕೆ ಎರಡೂ ಬದಿ ಹಿಡಿಗಳಿರುತ್ತವೆ. ಇಬ್ಬರು ಎದುರುಬದುರು ನಿಂತು, ಸೈಕಲ್ ಪೆಡಲನ್ನು ಕೈಯಿಂದ ತುಳಿದಂತೆ ತಿರುಗಿಸಬೇಕು. ಒಂದು ದಿಕ್ಕಿಗೆ ತಿರುಗಿಸಿದರೆ ಹಗ್ಗ ಸುತ್ತಿಕೊಳ್ಳುವ ಡ್ರಮ್ ವೇಗವಾಗಿ ಸುತ್ತುತ್ತದೆ, ಬಲ ಕಡಿಮೆ. ದಿಕ್ಕು ಬದಲಿಸಿ ತಿರುಗಿಸಿದರೆ ಗಿಯರ್ ಬದಲಾಗಿ ಡ್ರಮ್ ನಿಧಾನವಾಗುತ್ತದೆ, ಎಳೆತ ಹೆಚ್ಚುತ್ತದೆ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸ್ವಲ್ಪ ಓರೆಯಾಗಿ ಒಂದು ಬದಿಗೆ, ಮತ್ತೆ ತಿರುಗಿ ಇನ್ನೊಂದು ಬದಿಗೆ, ಹೀಗೆ ಅಂಕುಡೊಂಕಾಗಿಯೇ ಮುಂದೆ ಸಾಗಬೇಕು. ಪ್ರತಿ ತಿರುವಿಗೂ ಟ್ಯಾಕ್ ಎನ್ನುತ್ತಾರೆ. ಸ್ಪರ್ಧೆಯ ಸೋಲು ಗೆಲುವು ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ. ತೋಳ್ಬಲ ಇದ್ದವರು ಗೆಲ್ಲುತ್ತಾರೆ ಎಂದು ದಡದಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ವಿಂಚ್ ಮುಂದೆ ನಿಂತವರಿಗೆ ಬೇರೆಯದೇ ಲೆಕ್ಕ ಕಾಣುತ್ತದೆ.

ಕ್ಯಾಪ್ಟನ್ ‘ಸಿದ್ಧರಾಗಿ’ ಎಂದು ಕೂಗುತ್ತಾರೆ. ನಾವು ಹಿಡಿಗೆ ಕೈ ಹಾಕಿ ಮೊಣಕಾಲು ತುಸು ಬಗ್ಗಿಸಿ ನಿಲ್ಲುತ್ತೇವೆ. ಚುಕ್ಕಾಣಿ ತಿರುಗುತ್ತದೆ, ಮೂತಿ ಗಾಳಿಯತ್ತ ಹೊರಳುತ್ತದೆ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮುಂದಿನ ಹಾಯಿ ಒಮ್ಮೆಲೇ ಸಡಿಲಾಗಿ ಪಟಪಟ ಬಡಿದುಕೊಳ್ಳುತ್ತದೆ. ಆ ಸದ್ದು ಎದೆಗೇ ತಾಗುತ್ತದೆ. ಹಳೆಯ ಬದಿಯ ಹಗ್ಗವನ್ನು ಸಹಾಯಕ ಡ್ರಮ್‌ನಿಂದ ಬಿಡಿಸಿ ಎಸೆಯುತ್ತಾನೆ. ಈಗ ಹೊಸ ಬದಿಯ ಹಗ್ಗವನ್ನು ಒಳಗೆಳೆಯುವುದು ನಮ್ಮ ಪಾಲು. ಹಾಯಿಯಲ್ಲಿ ಇನ್ನೂ ಗಾಳಿ ತುಂಬಿರುವುದಿಲ್ಲ. ಹಗ್ಗ ಹಗುರವಾಗಿ ಓಡಿಬರುತ್ತದೆ. ಈ ಕೆಲವೇ ಕ್ಷಣಗಳಲ್ಲಿ ಎಷ್ಟು ಸುತ್ತು ತಿರುಗಿಸುತ್ತೇವೋ ಅಷ್ಟು ಲಾಭ. ಗಾಳಿ ತುಂಬಿತೋ, ಹಿಡಿ ಕಲ್ಲಾಗುತ್ತದೆ. ಡ್ರಮ್ಮಿನ ಮೇಲೆ ಹಗ್ಗ ಕಿರುಗುಟ್ಟುತ್ತದೆ, ಅದರ ಎಳೆಗಳ ನಡುವಿನಿಂದ ಉಪ್ಪುನೀರು ಹಿಂಡಿ ಹೊರಬರುತ್ತದೆ. ಆಗ ದಿಕ್ಕು ಬದಲಿಸಿ, ಇಂಚಿಂಚಾಗಿ ಎಳೆಯಬೇಕು. ಮೊದಲ ಕ್ಷಣಗಳಲ್ಲಿ ಬಿಟ್ಟ ಒಂದು ಮಾರು ಹಗ್ಗವನ್ನು ಕೊನೆಯಲ್ಲಿ ಪಡೆಯಲು ಹತ್ತು ಪಟ್ಟು ಬೆವರು ಸುರಿಸಬೇಕಾಗುತ್ತದೆ. ಅಭ್ಯಾಸದ ತಿರುವುಗಳಲ್ಲಿ ಇದು ನಮ್ಮ ತೋಳುಗಳಿಗೆ ಚೆನ್ನಾಗಿ ಅರ್ಥವಾಯಿತು. ನನ್ನ ಎದುರಿಗಿದ್ದ ತೆಳ್ಳನೆಯ ಹುಡುಗಿ ದಪ್ಪ ತೋಳಿನವರೆಲ್ಲರಿಗಿಂತ ಚೆನ್ನಾಗಿ ದುಡಿದಳು. ಸಡಿಲಾದ ಹಾಯಿಯ ಸದ್ದು ಕೇಳುತ್ತಲೇ ಅವಳ ಕೈ ಓಡುತ್ತಿತ್ತು.

ನಮ್ಮ ಹಿಂದೆ ಬ್ಯಾಕ್‌ಸ್ಟೇ ಗುಂಪಿಗೂ ಅದೇ ಅವಸರ. ಪ್ರತಿ ತಿರುವಿನಲ್ಲಿ ಒಂದು ಬದಿಯದನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯಬೇಕು, ಇಲ್ಲವಾದರೆ ಅಷ್ಟೆತ್ತರದ ಹಾಯಿಕಂಬಕ್ಕೆ ಹಿಂದಿನ ಆಸರೆ ತಪ್ಪುತ್ತದೆ. ನೋಡಲು ಸಣ್ಣ ಕೆಲಸ, ಜವಾಬ್ದಾರಿ ದೊಡ್ಡದು.

ಆರಂಭವೇ ಒಂದು ಆಟ. ನಿಂತಲ್ಲಿಂದ ಓಡುವಂತಿಲ್ಲ, ದೋಣಿಗಳು ಗೆರೆಯ ಹಿಂದೆ ಸುತ್ತುತ್ತಲೇ ಇರುತ್ತವೆ. ಸಂಕೇತ ಬೀಳುವ ಗಳಿಗೆಗೆ ಸರಿಯಾಗಿ ಪೂರ್ಣ ವೇಗದಲ್ಲಿ ಗೆರೆ ದಾಟಬೇಕು. ಮುಂಚೆ ದಾಟಿದರೆ ಹಿಂದಿರುಗಿ ಮತ್ತೆ ಬರಬೇಕು. ಗಡಿಯಾರ ಹಿಡಿದ ಮಹಿಳೆ ಸೆಕೆಂಡುಗಳನ್ನು ಕೂಗುವ ದನಿ ಬಿಟ್ಟರೆ ದೋಣಿಯಲ್ಲಿ ಮಾತೇ ಇಲ್ಲ. ನಾವು ಎದುರಾಳಿಗಿಂತ ಒಂದು ದೋಣಿಯುದ್ದ ಮುಂದೆ ದಾಟಿದೆವು.

ಗಾಳಿ ಬಲಬದಿಯಿಂದ ಬೀಸುತ್ತಿರುವ ದೋಣಿಗೆ ದಾರಿಯ ಹಕ್ಕು. ಎಡಬದಿಯಿಂದ ಗಾಳಿ ಪಡೆಯುತ್ತಿರುವುದು ತಪ್ಪಿಸಿಕೊಳ್ಳಬೇಕು. ಗಾಳಿಗೆದುರಾಗಿ ಸಾಗುವ ಮೊದಲ ಹಂತದ ನಡುವೆ ಎದುರಾಳಿ ಆ ಹಕ್ಕಿನೊಡನೆ ನೇರ ನಮ್ಮತ್ತ ಬಂತು. ಕ್ಯಾಪ್ಟನ್ ಕೊನೆಯವರೆಗೂ ಕಾದು, ಅದರ ಮೂತಿಯ ಕೆಳಗೆ ಟ್ಯಾಕ್ ಮಾಡಿಸಿದರು. ಆ ತಿರುವಿನಲ್ಲಿ ನಾನು ತಲೆ ಎತ್ತಲಿಲ್ಲ. ನೀರು ಡೆಕ್ಕಿನ ಅಂಚು ಹತ್ತಿ ಪಾದ ತೋಯಿಸಿದ್ದೂ ಆಮೇಲೆ ಗೊತ್ತಾಯಿತು. ಎದ್ದು ನೋಡಿದರೆ ಎರಡು ದೋಣಿಗಳೂ ಅಕ್ಕಪಕ್ಕ, ಆ ಬದಿಯವರ ಮುಖದ ಬೆವರು ಕಾಣುವಷ್ಟು ಹತ್ತಿರ. ಅವರ ಹಾಯಿ ಕದಡಿ ಕೆಡಿಸಿದ ಗಾಳಿ ನಮಗೆ ಸಿಗುವ ಮುನ್ನ ನಾವು ಮೂತಿಯಷ್ಟು ಮುಂದಿದ್ದೆವು. ಗಾಳಿಯ ಜೊತೆ ಮರಳುವ ಹಂತದಲ್ಲಿ ವೇಗವಿದ್ದರೂ ದೋಣಿ ನೆಟ್ಟಗಾಗುತ್ತದೆ, ಸದ್ದು ಅಡಗುತ್ತದೆ, ಕೈಗೆ ಬಿಡುವು. ಅಲ್ಲಿ ಅವರು ನಮ್ಮ ಹಿಂದೆ ಬಂದು ನಮ್ಮ ಗಾಳಿಯನ್ನೇ ಮರೆಮಾಡಿ ಮುಂದೆ ಹೋದರು. ಕೊನೆಗೆ ಅವರೇ ಗೆದ್ದರು, ಸೆಕೆಂಡುಗಳ ಅಂತರದಲ್ಲಿ. ದಡ ಸೇರುವವರೆಗೂ ನಮ್ಮ ದೋಣಿಯಲ್ಲಿ ಚರ್ಚೆಯಾದದ್ದು ಯಾವ ತಿರುವಿನಲ್ಲಿ ಎಷ್ಟು ಹಗ್ಗ ಬಾಕಿ ಉಳಿಯಿತು ಎಂಬುದೇ.

ಹೋಗುವವರಿಗೆ ಕೆಲವು ಮಾತು. ರಬ್ಬರ್ ಅಡಿಯ, ಜಾರದ ಶೂ ಹಾಕಿಕೊಳ್ಳಿ. ಡೆಕ್ಕಿನ ಮೇಲೆ ನೆರಳಿಲ್ಲ, ಒಳಗೆ ಶೌಚಾಲಯವಿಲ್ಲ. ಎರಡಕ್ಕೂ ಮೊದಲೇ ಸಿದ್ಧರಾಗಿರಿ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಅಲೆಗೆ ಸಿಕ್ಕ ಮೇಲೆ ಪ್ರಯೋಜನ ಕಡಿಮೆ. ಹಡಗಿನವರ ಮೂಲಕವೇ ಕಾಯ್ದಿರಿಸಿದರೆ ಸ್ವಲ್ಪ ತಡವಾದರೂ ಹಡಗು ಕಾಯುತ್ತದೆ. ಸ್ವತಂತ್ರವಾಗಿ ಹೋದವರಿಗೆ ಆ ಭರವಸೆ ಇಲ್ಲ. ಮೊಬೈಲ್ ಚೀಲದಲ್ಲೇ ಇರಲಿ: ಚಿತ್ರ ತೆಗೆಯುವ ಕೈ ಹಿಡಿಯ ಮೇಲೆ ಇರಲಾರದು. ಭುಜ, ಮಣಿಕಟ್ಟಿನ ನೋವಿರುವವರು ಗಡಿಯಾರದ ಕೆಲಸ ಕೇಳಿಕೊಳ್ಳಿ. ಉಳಿದವರು ಕೆಲಸ ಹಂಚುವಾಗ ಹಿಂಜರಿಯದೆ ಮುಖ್ಯ ವಿಂಚ್ ಕೇಳಿ. ಎದುರು ನಿಲ್ಲುವವರು ನಿಮ್ಮಷ್ಟೇ ಎತ್ತರದವರಾಗಿದ್ದರೆ ಲಯ ಬೇಗ ಕೂಡುತ್ತದೆ.